ಹಿತ್ತಲ ಗಿಡ ಮದ್ದು ಹೌದೇ? ತಟ್ಟೆಯಲ್ಲಿ ಪರೀಕ್ಷೆ

ನೆಕ್ರಾಜೆ: ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದ್ದರೂ ಗಡಿನಾಡ ಮನೆಗಳಲ್ಲಿ ಜ್ವರಕ್ಕೆ ಕಿರಾತಕಡ್ಡಿ, ಶೀತಕ್ಕೆ ಸಾಂಬ್ರಾಣಿ ಎಲೆ, ಗಾಯಕ್ಕೆ ಅರಸಿನ ಇವತ್ತಿಗೂ ನಡೆಯುತ್ತದೆ. ಇವು ರೋಗಾಣುಗಳನ್ನು ತಡೆಯುತ್ತವೆಯೇ ಎಂದು ನೋಡಲು ಪ್ರಯೋಗಾಲಯದಲ್ಲಿ ಒಂದು ಕ್ರಮ ಉಂಟು.

ತಟ್ಟೆಯಲ್ಲಿ ಅಗರ್ ಪಾಕ ಹೊಯ್ದು, ಗಟ್ಟಿಯಾದ ಮೇಲೆ ಬ್ಯಾಕ್ಟೀರಿಯಾ ಸವರುತ್ತಾರೆ. ಅದರಲ್ಲಿ ಸಣ್ಣ ಕುಳಿ ಮಾಡಿ ಸೊಪ್ಪಿನ ಸಾರ ಹಾಕಿ, 37 ಡಿಗ್ರಿ ಶಾಖದಲ್ಲಿ ಒಂದು ದಿನ ಇಡುತ್ತಾರೆ. ಕುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಪಕ್ಕದ ಕುಳಿಗೆ ಬರೇ ಸ್ಪಿರಿಟ್, ಇನ್ನೊಂದಕ್ಕೆ ಆ್ಯಂಟಿಬಯೋಟಿಕ್. ಸಾರ ತೆಗೆದ ಸ್ಪಿರಿಟ್ಟೇ ರೋಗಾಣು ಕೊಂದಿದ್ದರೆ ಹೆಸರು ಗಿಡಕ್ಕೆ ಸಲ್ಲದು.

ಸಾರ ತೆಗೆಯುವ ರೀತಿಯೂ ಮುಖ್ಯ. ಚೀನಾದ ತು ಯುಯು 1971ರಲ್ಲಿ ಕುದಿಸುವುದನ್ನು ಬಿಟ್ಟು ಕಡಿಮೆ ಶಾಖದಲ್ಲಿ ಈಥರ್ ಬಳಸಿದ ಮೇಲೆಯೇ ಗಿಡದ ಮಲೇರಿಯಾ ಮದ್ದು ಕೈಗೆ ಸಿಕ್ಕಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ತಟ್ಟೆಯಲ್ಲಿ ಗೆದ್ದದ್ದು ಮೈಯೊಳಗೆ ಗೆಲ್ಲಬೇಕೆಂದಿಲ್ಲ. ಕುಡಿದ ಕಷಾಯದ ಅಂಶ ರಕ್ತಕ್ಕೆ ಎಷ್ಟು ಸೇರುತ್ತದೆ, ಲಿವರಿಗೆ ತೊಂದರೆಯೇ ಎಂಬುದಕ್ಕೆ ಬೇರೆಯೇ ಪರೀಕ್ಷೆ ಬೇಕು. ಮಳೆಗಾಲದಲ್ಲಿ ತೋಟಕ್ಕೆ ಇಳಿದವರಿಗೆ ಜ್ವರ ಬಂದರೆ ಇಲಿಜ್ವರವೂ ಇರಬಹುದು. ಕಷಾಯ ಕುಡಿದು ಕಾಯುವುದಲ್ಲ, ಬೇಗ ಆಸ್ಪತ್ರೆಯಲ್ಲಿ ತೋರಿಸುವುದೇ ಒಳ್ಳೆಯದು.