ಬ್ಯಾಂಕಲ್ಲಿ ದುಡ್ಡಿದ್ದರೆ ಇನ್ನೊಂದು ವರ್ಷ ಇರು!

ಥೈಲ್ಯಾಂಡ್‌ಗೆ ನಾಲ್ಕು ದಿನದ ಟೂರ್ ಹೋಗಿ ಬಂದವರನ್ನ ಮಾತಾಡಿಸಿ ನೋಡಿ. ಹತ್ತರಲ್ಲಿ ಒಬ್ಬರಾದರೂ ಹೇಳ್ತಾರೆ, "ರಿಟೈರ್ ಆದ್ಮೇಲೆ ಅಲ್ಲೇ ಹೋಗಿ ಇದ್ದುಬಿಡಬಹುದು ಕಣ್ರೀ" ಅಂತ. ಹಾಗೆ ಇರುವವರು ಇದ್ದಾರೆ ಕೂಡ. ಚಿಯಾಂಗ್ ಮಾಯ್, ಹುವಾ ಹಿನ್, ಪಟ್ಟಾಯಗಳಲ್ಲಿ ಬ್ರಿಟನ್, ಅಮೆರಿಕ, ಜರ್ಮನಿಯ ಸಾವಿರಾರು ಪಿಂಚಣಿದಾರರು ಮನೆ ಮಾಡಿಕೊಂಡಿದ್ದಾರೆ. ಕೆಲವರು ಥಾಯ್ ಹೆಣ್ಣುಮಕ್ಕಳನ್ನ ಮದುವೆಯಾಗಿ, ಮಕ್ಕಳು ಮರಿ ಅಂತ ಸಂಸಾರವನ್ನೂ ಕಟ್ಟಿಕೊಂಡಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಅವರು ಅಲ್ಲಿ ಇರುವುದು ಯಾವ ಹಕ್ಕಿನ ಮೇಲೆ?

ಲೆಕ್ಕ ಹೇಳ್ತೀನಿ ಕೇಳಿ. ವಯಸ್ಸು 50 ತುಂಬಿರಬೇಕು. ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಒಂದು ಬಾತ್‌ಗೆ ಎರಡೂವರೆ ರೂಪಾಯಿ ಹಿಡಿದರೂ 8 ಲಕ್ಷ ಬಾತ್ ಅಂದರೆ 20 ಲಕ್ಷ ರೂಪಾಯಿ. ಇಷ್ಟು ತೋರಿಸಿದರೆ ಎಷ್ಟು ವರ್ಷ ಇರಬಹುದು? ಒಂದೇ ಒಂದು ವರ್ಷ. ಮುಂದಿನ ವರ್ಷ ಮತ್ತೆ ಅದೇ ಪಾಸ್‌ಬುಕ್, ಅದೇ ಕ್ಯೂ, ಅದೇ ಅರ್ಜಿ.

ದುಡ್ಡು ತೋರಿಸಿ ವಾಪಸ್ ತೆಗೆದುಬಿಟ್ಟರಾಯ್ತಲ್ಲ ಅಂತೀರಾ? ಆ ಬಾಗಿಲನ್ನೂ ಮುಚ್ಚಿದ್ದಾರೆ. 2019ರಲ್ಲಿ ಬಂದ ನಿಯಮದ ಪ್ರಕಾರ ಅರ್ಜಿಗೆ ಎರಡು ತಿಂಗಳು ಮೊದಲಿಂದ, ಮಂಜೂರಾದ ಮೇಲೂ ಮೂರು ತಿಂಗಳು, ಪೂರ್ತಿ 8 ಲಕ್ಷ ಖಾತೆಯಲ್ಲೇ ಇರಬೇಕು. ಉಳಿದ ತಿಂಗಳುಗಳಲ್ಲೂ 4 ಲಕ್ಷಕ್ಕಿಂತ ಕೆಳಗಿಳಿಯುವ ಹಾಗಿಲ್ಲ. ಅಂದರೆ ಏನಾಯ್ತು? ಆ 4 ಲಕ್ಷ ಹೆಸರಿಗೆ ನಿಮ್ಮದು, ಮುಟ್ಟುವ ಹಾಗಿಲ್ಲ. 75 ವರ್ಷದ ಮನುಷ್ಯನಿಗೆ ಹೃದಯದ ಆಪರೇಷನ್ ಆಗಬೇಕು ಅಂದುಕೊಳ್ಳಿ. ದುಡ್ಡು ಖಾತೆಯಲ್ಲಿದೆ. ತೆಗೆದರೆ ಜೀವ ಉಳಿಯುತ್ತೆ, ಮುಂದಿನ ವರ್ಷದ ವಾಸ ಹೋಗುತ್ತೆ. ತೆಗೆಯದಿದ್ದರೆ ವಾಸ ಉಳಿಯುತ್ತೆ. ಆದರೆ ವಾಸ ಮಾಡೋಕೆ ಯಾರಿರ್ತಾರೆ?

ಇನ್ನು ಸಣ್ಣಪುಟ್ಟ ನಿಯಮಗಳು. 90 ದಿನಕ್ಕೊಮ್ಮೆ "ನಾನು ಇಲ್ಲೇ ಇದ್ದೀನಿ" ಅಂತ ವರದಿ ಕೊಡಬೇಕು. ದೇಶದ ಹೊರಗೆ ಹೋಗುವ ಮುಂಚೆ ಮರುಪ್ರವೇಶದ ಪರವಾನಗಿ ತಗೊಳ್ಳದಿದ್ದರೆ ಇದ್ದ ಅನುಮತಿಯೂ ರದ್ದು. ಸಂಬಳಕ್ಕೆ ಕೆಲಸ ಮಾಡುವಂತಿಲ್ಲ.

ಈಗ ಸಂಸಾರದ ಕಥೆಗೆ ಬನ್ನಿ. ಥಾಯ್ ಹೆಂಡತಿಯ ವಿದೇಶಿ ಗಂಡನಿಗೆ ಸ್ವಲ್ಪ ರಿಯಾಯಿತಿ ಇದೆ. ಬ್ಯಾಂಕಲ್ಲಿ 4 ಲಕ್ಷ ಬಾತ್, ಅಥವಾ ತಿಂಗಳಿಗೆ 40,000 ಆದಾಯ ಸಾಕು. ಜೊತೆಗೆ ಇಬ್ಬರೂ ಮನೆಯಲ್ಲಿ ಒಟ್ಟಿಗಿರುವ ಫೋಟೋ ಕೊಡಬೇಕು. ಅದೇ ಥಾಯ್ ಗಂಡನ ವಿದೇಶಿ ಹೆಂಡತಿಗೆ? ಈ ದುಡ್ಡಿನ ಷರತ್ತೇ ಇಲ್ಲ! ಗಂಡಸು ದುಡಿದು ತರಬೇಕು, ಹೆಂಗಸನ್ನ ಗಂಡ ಸಾಕ್ತಾನೆ ಅನ್ನೋ ಹಳೇ ಲೆಕ್ಕಾಚಾರ ಇನ್ನೂ ಕಾನೂನಿನೊಳಗೆ ಕೂತಿದೆ.

ಇಂಜಿನಿಯರಿಂಗ್ ಓದುವಾಗ ನಮಗೊಂದು ಪಾಠ ಹೇಳ್ತಿದ್ದರು. ಇಡೀ ಕಟ್ಟಡದ ಭಾರ ಒಂದೇ ಕಂಬದ ಮೇಲೆ ಬೀಳಬಾರದು, ಆ ಕಂಬ ಹೋದರೆ ಎಲ್ಲಾ ಹೋಯ್ತು. ಈ ಸಂಸಾರಗಳಲ್ಲಿ ಆ ಒಂದೇ ಕಂಬ ಹೆಂಡತಿ. ವಿದೇಶಿಯರು ಅಲ್ಲಿ ಸಾಮಾನ್ಯವಾಗಿ ಜಮೀನು ಕೊಳ್ಳುವಂತಿಲ್ಲ. ಹಾಗಾಗಿ ಗಂಡ ಜೀವಮಾನದ ಉಳಿತಾಯ ಸುರಿದರೂ ಜಾಗ ಹೆಂಡತಿಯ ಹೆಸರಿಗೇ ಆಗುತ್ತೆ. ಅದು ಆಕೆಯದೇ ದುಡ್ಡು ಅಂತ ಗಂಡ ಸಹಿ ಬೇರೆ ಹಾಕಬೇಕು. ನಾಳೆ ಆಕೆ ತೀರಿಕೊಂಡರೆ? ಮದುವೆಯ ಆಧಾರದ ಮೇಲೆ ಸಿಗುತ್ತಿದ್ದ ವಾಸದ ಅನುಮತಿ ಮುಂದುವರಿಯಲ್ಲ. ಜಮೀನು ಉತ್ತರಾಧಿಕಾರದಲ್ಲಿ ಬಂದರೂ ಸಾಮಾನ್ಯವಾಗಿ ಒಂದು ವರ್ಷದೊಳಗೆ ಮಾರಿಬಿಡಬೇಕು. 50 ದಾಟಿದ್ದರೆ ಮತ್ತೆ 8 ಲಕ್ಷದ ದಾರಿ ಹಿಡಿಯಬೇಕು. ದಾಟದಿದ್ದರೆ, ಜೊತೆಯಲ್ಲಿರುವ 20 ವರ್ಷದೊಳಗಿನ ಮಗುವಿನ ಆಧಾರ ಹುಡುಕಬೇಕು. 1992ರ ತಿದ್ದುಪಡಿಯಿಂದಾಗಿ ಥಾಯ್ ತಾಯಿಯ ಮಗುವಿಗೆ, ಅಪ್ಪ ಯಾವ ದೇಶದವನಾದರೂ, ಥಾಯ್ ಪೌರತ್ವ ಸಿಗುತ್ತೆ. ಮಗು ಆ ದೇಶದ್ದು. ಹೆತ್ತ ಅಪ್ಪ ವರ್ಷಕ್ಕೊಮ್ಮೆ ಅನುಮತಿ ಕೇಳುವ ಅತಿಥಿ.

ಕಾಯಂ ವಾಸಕ್ಕೆ ಅರ್ಜಿ ಹಾಕಬಹುದಲ್ಲ? ಹಾಕಬಹುದು. ಆದರೆ ಒಂದು ದೇಶದವರಿಗೆ ವರ್ಷಕ್ಕೆ ಬರೀ 100 ಜನರ ಕೋಟಾ. ಅದರಲ್ಲಿ ನಿವೃತ್ತರಿಗೆ ಅಂತ ಬೇರೆ ವಿಭಾಗವೂ ಇಲ್ಲ.

ಹಾಗಂತ ಥೈಲ್ಯಾಂಡನ್ನ ಕಟಕಟೆಯಲ್ಲಿ ನಿಲ್ಲಿಸೋದು ನನ್ನ ಉದ್ದೇಶ ಅಲ್ಲ. ವಿದೇಶಿ ಮುದುಕರ ಆಸ್ಪತ್ರೆ ಬಿಲ್ಲು ತಮ್ಮ ಜನರ ತಲೆ ಮೇಲೆ ಬೀಳಬಾರದು ಅನ್ನೋದು ಯಾವ ಸರ್ಕಾರಕ್ಕೂ ಇರುವ ಚಿಂತೆ. ಥೈಲ್ಯಾಂಡ್ ನಿಯಮ ಕಠಿಣ ಅಂತ ಗೊಣಗುವ ಬ್ರಿಟಿಷ್ ಗಂಡ, ಅದೇ ಹೆಂಡತಿಯನ್ನ ತನ್ನೂರಿಗೆ ಕರೆದುಕೊಂಡು ಹೋಗಬೇಕು ಅಂದರೆ? 2024ರ ಏಪ್ರಿಲ್‌ನಿಂದ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. ಅದಕ್ಕೂ ಮುಂಚೆ 18,600 ಇತ್ತು. ನಮ್ಮಲ್ಲಿ? ವಿದೇಶಿ ನಿವೃತ್ತರಿಗೆ ಅಂತ ವೀಸಾವೇ ಇಲ್ಲ. ಭಾರತೀಯರನ್ನ ಮದುವೆಯಾದ ವಿದೇಶಿಯರು, ನೋಂದಣಿಯಾದ ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಓಸಿಐ ಕಾರ್ಡ್‌ಗೆ ಅರ್ಜಿ ಹಾಕಬಹುದು. ಅಲ್ಲಿ ಗಂಡ, ಹೆಂಡತಿ ಅನ್ನೋ ಭೇದ ಇಲ್ಲ, ಅದು ಒಳ್ಳೇದು. ಆದರೆ ಓಸಿಐ ಇದ್ದವರೂ ಕೃಷಿ ಜಮೀನು ಕೊಳ್ಳುವಂತಿಲ್ಲ.

ಹಾಗಾಗಿ ಹೊರದೇಶದಲ್ಲಿ ನೆಲೆಸುವ ಕನಸಿದ್ದವರು ಸಮುದ್ರದ ಫೋಟೋ ನೋಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕಾಯಿಲೆ ಬಿದ್ದರೆ ವೀಸಾದ ದುಡ್ಡು ಮುಟ್ಟದೆ ಚಿಕಿತ್ಸೆ ಆಗುತ್ತಾ? ಮನೆ ಯಾರ ಹೆಸರಲ್ಲಿದೆ? ಸಂಗಾತಿ ಇಲ್ಲದ ಮಾರನೇ ದಿನ ನಾನು ಅಲ್ಲಿ ಯಾರು? ಮೂರಕ್ಕೂ ಉತ್ತರ ಇದ್ದರೆ ಧಾರಾಳವಾಗಿ ಹೋಗಿ. ಉತ್ತರ ಇಲ್ಲದಿದ್ದರೆ ಟೂರಿಗೆ ಹೋಗಿ, ನಾಲ್ಕು ದಿನ ಚೆನ್ನಾಗಿದ್ದು ಬನ್ನಿ. ಊರಿನ ಮನೆಯನ್ನ ಮಾತ್ರ ಮಾರಬೇಡಿ.