ಹಳೆಯ ಆಟ, ಹೊಸ ಜಗಳ: ‘ಡೂಮ್’ ಕಲಿಸುವ ಪಾಠ

ಕಂಪ್ಯೂಟರ್ ಆಟವೆಂದರೆ ಕಾಲಹರಣ ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಅದು ಹುರುಳಿಲ್ಲದ ಮಾತೇನೂ ಅಲ್ಲ. ಆದರೆ ಮೂವತ್ತು ವರ್ಷ ದಾಟಿದ ಆಟವೊಂದು ಪ್ರೋಗ್ರಾಂ ಬರೆಯಲು ಕಲಿಯುವವರಿಗೆ ಇಂದಿಗೂ ಪಾಠಶಾಲೆಯಾಗಿ ಉಳಿದಿದೆ. ಅದರ ಹೆಸರು ‘ಡೂಮ್’. ಅದು ಉಳಿದದ್ದು ಆಡುವವರ ಉತ್ಸಾಹದಿಂದ ಮಾತ್ರವಲ್ಲ, ಒಂದು ಪರವಾನಗಿಯ ಬಲದಿಂದ ಕೂಡ. ಆ ಪರವಾನಗಿಯ ಸುತ್ತ ಎದ್ದ ವಿವಾದಗಳನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು.

ಅಮೆರಿಕದ ಟೆಕ್ಸಾಸ್ ರಾಜ್ಯದ ‘ಇಡ್ ಸಾಫ್ಟ್‌ವೇರ್’ ಎಂಬ ಪುಟ್ಟ ಸಂಸ್ಥೆ ಈ ಆಟವನ್ನು 1993ರ ಡಿಸೆಂಬರ್ 10ರಂದು ಹೊರತಂದಿತು. ಒಟ್ಟು ಮೂರು ಭಾಗ. ಮೊದಲ ಭಾಗವನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಿತ್ತು. ರುಚಿ ಹತ್ತಿದವರು ಉಳಿದ ಎರಡು ಭಾಗಗಳನ್ನು ಹಣ ಕೊಟ್ಟು ಕೊಳ್ಳಬೇಕಿತ್ತು. ಇದು ರಕ್ತಪಾತ ತುಂಬಿದ ಆಟ, ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ಇಲ್ಲಿ ಹೇಳಹೊರಟಿರುವುದು ಅದರ ಹಿಂದಿನ ಪ್ರೋಗ್ರಾಂ ಕುರಿತು.

ಸಿ ಭಾಷೆಯ ಕೈಚಳಕ

ಅಂದಿನ ಸಾಮಾನ್ಯ ಕಂಪ್ಯೂಟರಿನಲ್ಲಿದ್ದುದು 386 ಅಥವಾ 486 ಪ್ರೊಸೆಸರ್. ಡೂಮ್ ಆಡಲು 4 ಮೆಗಾಬೈಟ್ ಮೆಮೊರಿ ಸಾಕಾಗಿತ್ತು. ದಶಮಾಂಶದ ಲೆಕ್ಕವನ್ನು ಬೇಗ ಮಾಡುವ ಪ್ರತ್ಯೇಕ ಚಿಪ್ ಅನೇಕ ಯಂತ್ರಗಳಲ್ಲಿ ಇರಲೇ ಇಲ್ಲ. ಹಾಗಾಗಿ ಸಂಸ್ಥೆಯ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಒಂದು ಉಪಾಯ ಬಳಸಿದರು. 32 ಬಿಟ್‌ಗಳ ಒಂದು ಪೂರ್ಣಾಂಕದಲ್ಲಿ 16 ಬಿಟ್‌ಗಳನ್ನು ಪೂರ್ಣಭಾಗಕ್ಕೂ ಉಳಿದ 16ನ್ನು ಭಿನ್ನರಾಶಿಗೂ ಮೀಸಲಿಟ್ಟು, ಎಲ್ಲ ಲೆಕ್ಕವನ್ನೂ ಪೂರ್ಣಾಂಕಗಳಲ್ಲೇ ಮುಗಿಸಿದರು.

ಪ್ರೋಗ್ರಾಂ ಬಹುಮಟ್ಟಿಗೆ ‘ಸಿ’ ಭಾಷೆಯಲ್ಲಿತ್ತು. ಅದನ್ನು ಬರೆದದ್ದು ನೆಕ್ಸ್ಟ್ ಎಂಬ ಬೇರೊಂದು ಜಾತಿಯ ಕಂಪ್ಯೂಟರಿನಲ್ಲಿ, ಮಾರಿದ್ದು ಡಾಸ್ ಯಂತ್ರಗಳಿಗೆ. ಹೀಗೆ ಆರಂಭದಿಂದಲೇ ಎರಡು ಬಗೆಯ ಯಂತ್ರಗಳಲ್ಲಿ ನಡೆಯಬೇಕಾದ್ದರಿಂದ ಅದನ್ನು ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಒಗ್ಗಿಸುವುದು ಮುಂದೆ ಸುಲಭವಾಯಿತು. ಒಂದೇ ಪ್ರೊಸೆಸರಿಗೆ ಅಂಟಿಕೊಳ್ಳುವ ಅಸೆಂಬ್ಲಿ ಭಾಷೆಯಲ್ಲೇ ಪೂರ್ತಿ ಬರೆದಿದ್ದರೆ ಇದು ಆಗುತ್ತಿರಲಿಲ್ಲ.

ಮನೆಯ ಬಾಗಿಲು ತೆರೆದಾಗ

1997ರ ಡಿಸೆಂಬರ್‌ನಲ್ಲಿ ಸಂಸ್ಥೆ ಆಟದ ಸೋರ್ಸ್ ಕೋಡ್ ಅನ್ನು, ಅಂದರೆ ಪ್ರೋಗ್ರಾಮಿನ ಮೂಲಪಠ್ಯವನ್ನು, ಎಲ್ಲರಿಗೂ ಬಿಟ್ಟುಕೊಟ್ಟಿತು. ಕೊಟ್ಟದ್ದು ಲಿನಕ್ಸ್ ಆವೃತ್ತಿ. ಡಾಸ್ ಆವೃತ್ತಿಯಲ್ಲಿ ಧ್ವನಿ ಹೊರಡಿಸುವ ಭಾಗ ಬೇರೆಯವರ ಸ್ವತ್ತಾಗಿದ್ದುದೇ ಇದಕ್ಕೆ ಕಾರಣ. ಜೊತೆಗಿದ್ದ ಟಿಪ್ಪಣಿಯಲ್ಲಿ ಕಾರ್ಮ್ಯಾಕ್ ತಮ್ಮ ತಪ್ಪುಗಳನ್ನೂ ಬರೆದಿದ್ದರು. ಚಲನೆಯನ್ನೂ ದೃಷ್ಟಿರೇಖೆಯನ್ನೂ ನಕ್ಷೆಯ ಗೆರೆಗಳೊಂದಿಗೆ ಪರೀಕ್ಷಿಸಿದ ರೀತಿ ಸರಿಯಾಗಲಿಲ್ಲ ಎಂಬುದು ಅವುಗಳಲ್ಲೊಂದು. ಲೆಕ್ಕ ತಪ್ಪಿದಾಗ ಪುಸ್ತಕ ಮುಚ್ಚಿಡುವ ವಿದ್ಯಾರ್ಥಿಗಳು ಆ ಟಿಪ್ಪಣಿಯನ್ನು ಓದಬೇಕು.

ಆದರೆ ಮೊದಲ ಪರವಾನಗಿಯಲ್ಲಿ ಒಂದು ಕೊರತೆಯಿತ್ತು. ಮೂಲಪಠ್ಯವನ್ನು ತಿದ್ದಿ ಹೊಸ ಆವೃತ್ತಿ ಮಾಡಿದವರು ತಮ್ಮ ತಿದ್ದುಪಡಿಗಳನ್ನು ಹಂಚಲೇಬೇಕೆಂಬ ನಿಯಮ ಅದರಲ್ಲಿರಲಿಲ್ಲ. ‘ಜಿಎಲ್‌ಡೂಮ್’ ಎಂಬ ಸುಂದರ ಆವೃತ್ತಿ ಮಾಡಿದವರ ಹಾರ್ಡ್ ಡಿಸ್ಕ್ ಕೆಟ್ಟಾಗ ಅವರ ಶ್ರಮವೆಲ್ಲ ನೀರುಪಾಲಾಯಿತು. ಬೇರೆ ಯಾರ ಬಳಿಯೂ ಅದರ ಪ್ರತಿ ಇರಲಿಲ್ಲ. 1999ರಲ್ಲಿ ಸಂಸ್ಥೆ ಅದೇ ಮೂಲಪಠ್ಯವನ್ನು ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ‘ಜನರಲ್ ಪಬ್ಲಿಕ್ ಲೈಸೆನ್ಸ್’, ಅಂದರೆ ಜಿಪಿಎಲ್ ಪರವಾನಗಿಯಡಿ ಮತ್ತೊಮ್ಮೆ ಬಿಡುಗಡೆ ಮಾಡಿತು. ಬಳಸಿ, ತಿದ್ದಿ, ಮಾರಿ ಕೂಡ. ಆದರೆ ಪಡೆದವರಿಗೆ ಮೂಲಪಠ್ಯವನ್ನೂ ಅದೇ ಸ್ವಾತಂತ್ರ್ಯವನ್ನೂ ಕೊಡಿ ಎಂಬುದು ಅದರ ಸಾರ.

ತಪ್ಪನ್ನೂ ಉಳಿಸಬೇಕೆ?

ಬಾಗಿಲು ತೆರೆದ ಮೇಲೆ ಬಂದವರಲ್ಲಿ ಎರಡು ಪಂಗಡಗಳಾದವು. ಆಟವನ್ನು ಸುಧಾರಿಸಬೇಕೆಂದವರು ಕೆಲವರು, ಇದ್ದಹಾಗೆ ಉಳಿಸಬೇಕೆಂದವರು ಇನ್ನು ಕೆಲವರು. ಎರಡನೆಯವರ ವಾದಕ್ಕೂ ಆಧಾರವಿದೆ. ಡೂಮ್ ಆಟವನ್ನು ದಾಖಲಿಸಿದಾಗ ಉಳಿಯುವುದು ಚಿತ್ರವಲ್ಲ. ಆಟಗಾರ ಏನು ಮಾಡಿದನೆಂಬ ಪಟ್ಟಿ ಮಾತ್ರ, ಸೆಕೆಂಡಿಗೆ 35 ಸಲದಂತೆ. ಅದನ್ನು ಮತ್ತೆ ಓಡಿಸಿದಾಗ ಪ್ರೋಗ್ರಾಂ ಇಡೀ ಆಟವನ್ನು ಹೊಸದಾಗಿ ಆಡುತ್ತದೆ. ಅದೃಷ್ಟದ ಅಂಕಿಗಳು ಕೂಡ 256 ಸಂಖ್ಯೆಗಳ ಒಂದು ಸಿದ್ಧ ಪಟ್ಟಿಯಿಂದಲೇ ಸಾಲಾಗಿ ಬರುತ್ತವೆ. ಎಲ್ಲೋ ಒಂದು ತಪ್ಪನ್ನು ತಿದ್ದಿದರೂ ಹಳೆಯ ದಾಖಲೆ ಹಳಿ ತಪ್ಪಿ, ಆಟಗಾರ ಗೋಡೆಗೆ ಹಾಯುತ್ತಾ ನಿಲ್ಲುತ್ತಾನೆ. ‘ಚಾಕೊಲೇಟ್ ಡೂಮ್’ ಎಂಬ ಆವೃತ್ತಿ ಮೂಲದ ತಪ್ಪುಗಳನ್ನೂ ಜತನದಿಂದ ಕಾಪಾಡಿಕೊಂಡಿದೆ.

ಸುಧಾರಣೆಯ ಪಂಗಡದಿಂದ 1998ರಲ್ಲಿ ‘ಝಡ್‌ಡೂಮ್’, 2005ರಲ್ಲಿ ಅದರಿಂದ ಕವಲೊಡೆದು ‘ಜಿಝಡ್‌ಡೂಮ್’ ಬಂದವು. ಇದನ್ನೇ ಅಡಿಪಾಯವಾಗಿಸಿಕೊಂಡು ‘ಸೆಲಾಕೊ’ದಂಥ ಹೊಸ ಆಟಗಳು ಮಾರಾಟಕ್ಕೂ ಬಂದಿವೆ.

ಪಾಲು ಮಾಡಿದರೂ ಕಳೆಯದ ಆಸ್ತಿ

2025ರ ಅಕ್ಟೋಬರ್‌ನಲ್ಲಿ ಜಿಝಡ್‌ಡೂಮ್ ಬಳಗದಲ್ಲಿ ಬಿರುಕು ಕಾಣಿಸಿತು. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಕೋಡನ್ನು ಮುಂದಾಳು ಸೇರಿಸಿದ್ದು ಸಹೋದ್ಯೋಗಿಗಳ ಆಕ್ಷೇಪಕ್ಕೆ ಕಾರಣವಾಯಿತು. ಅಂಥ ಕೋಡ್ ಯಾರದೆಂದು ಹೇಗೆ ಹೇಳುವುದು, ಅದು ಜಿಪಿಎಲ್‌ಗೆ ಹೊಂದುತ್ತದೆಯೇ ಎಂಬುದು ಅವರ ಪ್ರಶ್ನೆ. ಇದು ಬರೀ ಅನುಮಾನವಲ್ಲ. 2021ರಲ್ಲಿ ಅಂಥದೇ ಒಂದು ಸಾಧನ, ಇದೇ ಸಂಸ್ಥೆಯ ‘ಕ್ವೇಕ್ 3’ ಆಟದ ಪ್ರಸಿದ್ಧ ವರ್ಗಮೂಲದ ಸಾಲುಗಳನ್ನು ಅದರ ಟಿಪ್ಪಣಿಗಳ ಸಮೇತ ಒಪ್ಪಿಸಿತ್ತು. ಅನುಕೂಲವಾದರೆ ಹೊಸ ಸಾಧನ ಬಳಸುವುದರಲ್ಲಿ ತಪ್ಪೇನು ಎನ್ನುವವರೂ ಪ್ರೋಗ್ರಾಮರುಗಳಲ್ಲಿ ಇಲ್ಲದಿಲ್ಲ. ಕೊನೆಗೆ ಒಮ್ಮತ ಮೂಡದೆ ಹಲವರು ಹೊರನಡೆದು ‘ಯುಝಡ್‌ಡೂಮ್’ ಎಂಬ ಕವಲನ್ನು ಆರಂಭಿಸಿದರು.

ಅಣ್ಣತಮ್ಮಂದಿರು ಪಾಲಾದರೆ ಒಬ್ಬನಿಗೆ ಪಡಸಾಲೆ, ಇನ್ನೊಬ್ಬನಿಗೆ ಹಿತ್ತಲು. ಇಲ್ಲಿ ಹಾಗಲ್ಲ. ಇಬ್ಬರಿಗೂ ಇಡೀ ಮನೆ ಸಿಗುತ್ತದೆ. ಎರಡು ದಶಕಗಳ ದುಡಿಮೆಯಲ್ಲಿ ಒಂದು ಸಾಲೂ ನಷ್ಟವಾಗುವುದಿಲ್ಲ. ದುಡಿಯುವ ಕೈಗಳು ಹಂಚಿಹೋಗುವುದು, ಹಳೆಯ ಸ್ನೇಹ ಮುರಿಯುವುದು ಮಾತ್ರ ನಿಜವಾದ ನಷ್ಟ.

ಕಲಿಯಲು ಹೊರಟವರಿಗೆ

ಸಿ ಭಾಷೆಯ ಮೊದಲ ಪಾಠಗಳನ್ನು ಮುಗಿಸಿದ ಕಾಲೇಜು ವಿದ್ಯಾರ್ಥಿಗಳು ಚಾಕೊಲೇಟ್ ಡೂಮ್‌ನ ಮೂಲಪಠ್ಯವನ್ನು ತೆರೆದು ನೋಡಬಹುದು. ಒಂದು ಎಚ್ಚರಿಕೆ ಇರಲಿ: ಮುಕ್ತವಾಗಿರುವುದು ಪ್ರೋಗ್ರಾಂ ಮಾತ್ರ. ಆಟದ ಚಿತ್ರ, ಸಂಗೀತ, ನಕ್ಷೆಗಳು ಇಂದಿಗೂ ಮಾಲೀಕರ ಸ್ವತ್ತು. ಆ ಕೊರತೆ ತುಂಬಲೆಂದೇ ಸ್ವಯಂಸೇವಕರು ‘ಫ್ರೀಡೂಮ್’ ಎಂಬ ಉಚಿತ ಸಾಮಗ್ರಿ ಸಿದ್ಧಪಡಿಸಿದ್ದಾರೆ.

ಕಾಲೇಜಿನ ಪ್ರಾಜೆಕ್ಟಿಗೆ ಬೇರೆಯವರ ಕೋಡ್ ಸೇರಿಸುವ ಮುನ್ನ ಅದರ ಜೊತೆಗಿರುವ ಪರವಾನಗಿಯನ್ನು ಓದುವ ಅಭ್ಯಾಸ ಬೆಳೆಯಲಿ. ಮಗನೋ ಮಗಳೋ ಹಳೆಯ ಆಟದ ಮುಂದೆ ಕುಳಿತಿದ್ದರೆ, ‘ಎಷ್ಟು ಹೊತ್ತು ಆಡುತ್ತೀ?’ ಎಂದು ಕೇಳುವ ಪೋಷಕರು, ‘ಇದು ಒಳಗೆ ಹೇಗೆ ನಡೆಯುತ್ತೆ, ತೋರಿಸು’ ಎಂದೂ ಕೇಳಿ ನೋಡಲಿ.