ಬಚ್ಚಲುಮನೆಯ ಗೋಡೆಗೆ ಬೋರ್ಡ್ ಹೊದಿಸುವ ಮುನ್ನ

ಮಳೆಗಾಲ ಬಂತೆಂದರೆ ಶಿವಮೊಗ್ಗದ ಹಳೆಯ ಓಣಿಗಳಲ್ಲಾಗಲಿ, ಭದ್ರಾವತಿಯ ಹಳೆಯ ಕ್ವಾರ್ಟರ್ಸ್‌ಗಳಲ್ಲಾಗಲಿ ಬಚ್ಚಲುಮನೆಯ ಗೋಡೆ ಒಣಗುವುದೇ ಕಷ್ಟ. ಹೊರಗೆ ಮಳೆ, ಒಳಗೆ ಬಿಸಿನೀರಿನ ಹಬೆ. ಸಾಲದ್ದಕ್ಕೆ ಫಜ್ರ್‌ನಿಂದ ಇಶಾವರೆಗೆ ಮನೆಮಂದಿ ವುಝೂ ಮಾಡುವಾಗ ಚಿಮ್ಮುವ ನೀರು. ಸುಣ್ಣ ಉದುರುತ್ತದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಹಬ್ಬುತ್ತದೆ. ಇದು ಬರೀ ನೋಟದ ಸಮಸ್ಯೆಯಲ್ಲ. ತೇವ, ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ.

ಇಂಥ ಗೋಡೆಗೆ ಜಿಐ ಚಾನೆಲ್ ನಿಲ್ಲಿಸಿ, ಬೋರ್ಡ್ ಹೊಡೆದು, ಟೈಲ್ಸ್ ಅಂಟಿಸಿಬಿಡುವ ಸಲಹೆ ಈಗ ಸುಲಭವಾಗಿ ಸಿಗುತ್ತದೆ. ಹಳೆಯ ಗಿಲಾವು ಕೆಡವುವ ಧೂಳಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಆದರೆ ಸೋರುವ ಗೋಡೆಯನ್ನು ಮುಚ್ಚಿದರೆ ಬೂಷ್ಟು ಸಾಯುವುದಿಲ್ಲ, ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ. ಅಷ್ಟೇ.

ಆದ್ದರಿಂದ ಮೊದಲು ಒಂದು ಪರೀಕ್ಷೆ ಮಾಡಿ. ಗೋಡೆಯನ್ನು ಬಟ್ಟೆಯಿಂದ ಒರೆಸಿ, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ, ಅಂದರೆ ಗೋಡೆಯ ಕಡೆ ಹನಿ ಕಂಡರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಪೈಪ್, ತಾರಸಿ, ಹೊರಗೋಡೆಯ ಬಿರುಕು ಸರಿಪಡಿಸಿ, ಗೋಡೆ ಒಣಗುವವರೆಗೆ ಕಾಯಿರಿ. ಮುಂಬದಿಯಲ್ಲಿ ಮಾತ್ರ ಹನಿಯಿದ್ದರೆ ಅದು ಹಬೆ. ಅದಕ್ಕೆ ಬೇಕಾದದ್ದು ಎಕ್ಸಾಸ್ಟ್ ಫ್ಯಾನ್. ಬೋರ್ಡಿನ ಖರ್ಚೇ ಉಳಿಯಬಹುದು.

ಬೋರ್ಡ್ ಹಾಕಲೇಬೇಕೆಂದಿದ್ದರೆ ಜಾಗದ ಲೆಕ್ಕ ನೋಡಿ. 48 ಮಿ.ಮೀ. ಸ್ಟಡ್, 12 ಮಿ.ಮೀ. ಬೋರ್ಡ್, ಮೇಲೆ ಟೈಲ್ಸ್ ಸೇರಿದರೆ ಒಂದು ಬದಿಗೆ ಸುಮಾರು ಮೂರು ಇಂಚು ಹೋಗುತ್ತದೆ. ನಾಲ್ಕಡಿ ಅಗಲದ ಬಚ್ಚಲಿನಲ್ಲಿ ಎರಡೂ ಬದಿಗೆ ಹಾಕಿದರೆ ಉಳಿಯುವುದು ಮೂರೂವರೆ ಅಡಿ. ವಯಸ್ಸಾದವರು ಕುಳಿತು ವುಝೂ ಮಾಡುವ ಮನೆಯಲ್ಲಿ ಆ ಅರ್ಧ ಅಡಿ ದೊಡ್ಡದು. ಪೈಪ್ ಮುಚ್ಚಬೇಕಾದ ಒಂದೇ ಗೋಡೆಗೆ ಹಾಕಿಸಿದರೆ ಸಾಕು.

ಸಾಮಾನ್ಯ ಜಿಪ್ಸಂ ಬೋರ್ಡ್ ಬೇಡ. ಅದರ ಎರಡೂ ಮೈಗೆ ಕಾಗದವಿರುತ್ತದೆ. ಒದ್ದೆ ಕಾಗದವೇ ಬೂಷ್ಟಿಗೆ ಆಹಾರ. ಹಸಿರು ಬಣ್ಣದ ಬೋರ್ಡ್ ಗಾಳಿಯ ತೇವ ತಡೆಯುತ್ತದೆ, ಸುರಿಯುವ ನೀರನ್ನಲ್ಲ. ನೀರು ಬೀಳುವ ಗೋಡೆಗೆ ಸಿಮೆಂಟ್ ಬೋರ್ಡ್ ಕೇಳಿ, ಹಸಿರು ಬೋರ್ಡ್ ಸೀಲಿಂಗ್‌ಗೆ ಇರಲಿ.

ಟೈಲ್ಸ್‌ನ ಭಾರ ಹೊರಬೇಕಾದ್ದರಿಂದ ಸ್ಟಡ್‌ಗಳ ನಡುವೆ 400 ಮಿ.ಮೀ.ಗಿಂತ ಹೆಚ್ಚು ಅಂತರ ಬೇಡ. ಉಕ್ಕಿನ ಊರಿನವರಿಗೆ ತುಕ್ಕಿನ ವಿಷಯ ಹೇಳಬೇಕಿಲ್ಲ: ಚಾನೆಲ್ ಕತ್ತರಿಸಿದ ತುದಿಯಲ್ಲಿ ಸತುವಿನ ಲೇಪ ಹೋಗಿರುತ್ತದೆ, ಅಲ್ಲಿಗೆ ಜಿಂಕ್ ಪೇಂಟ್ ಬಳಿಸಿ. ನೆಲಕ್ಕೆ ಸ್ಕ್ರೂ ಹಾಕಿದ ರಂಧ್ರಗಳನ್ನು ಸೀಲಂಟ್‌ನಿಂದ ಮುಚ್ಚಿಸಿ. ಬೋರ್ಡ್ ನೆಲಕ್ಕೆ ತಾಗದೆ 10 ಮಿ.ಮೀ. ಮೇಲಿರಲಿ, ಇಲ್ಲದಿದ್ದರೆ ಬತ್ತಿಯಂತೆ ನೀರು ಹೀರುತ್ತದೆ. ಜೋಡಣೆಗಳಿಗೆ ಟೇಪ್, ಅದರ ಮೇಲೆ ಎರಡು ಕೋಟ್ ವಾಟರ್‌ಪ್ರೂಫಿಂಗ್, ಆಮೇಲಷ್ಟೇ ಟೈಲ್ಸ್. ಮೇಸ್ತ್ರಿ ಅವಸರದಲ್ಲಿ ಬಿಡುವುದು ಈ ಎರಡು ಕೋಟನ್ನೇ. ಅಂದು ನೀವು ಮನೆಯಲ್ಲಿರಿ.

ಅಜ್ಜಿ ಹಿಡಿದು ಏಳುವ ಹಿಡಿಕೆಗೆ ಬೋರ್ಡ್ ಮುಚ್ಚುವ ಮೊದಲೇ ಹಿಂದೆ ದಪ್ಪ ಮರೈನ್ ಪ್ಲೈವುಡ್ ಕೂರಿಸಬೇಕು. ಗೀಸರ್ ಮಾತ್ರ ಇಟ್ಟಿಗೆ ಗೋಡೆಗೇ ಇರಲಿ. ಲೋಹದ ಚೌಕಟ್ಟಿಗೆ ಅರ್ಥಿಂಗ್, ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಚಾನೆಲ್, ಪೈಪ್‌ಗಳು ಎಲ್ಲೆಲ್ಲಿವೆ ಎಂದು ಮುಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮುಂದೆ ಟವೆಲ್ ಕಂಬಿಗೆ ರಂಧ್ರ ಕೊರೆಯುವ ದಿನ ಬೇಕಾಗುತ್ತದೆ.